ಕೊರತೆ ಕಂಡವನೇ ಕೆಲಸಕ್ಕೆ ಮೊದಲಿಗನಾಗಲಿ

ನಮ್ಮ ಊರುಗಳ ಕಟ್ಟೆಯ ಮೇಲಿನ ಮಾತುಕತೆಯನ್ನು ಅರ್ಧ ಗಂಟೆ ಕೇಳಿದರೆ ಸಾಕು, ನಾಡಿನಲ್ಲಿ ಏನೇನು ಕೆಟ್ಟಿದೆ ಎಂಬುದರ ಪೂರ್ಣ ಪಟ್ಟಿ ದೊರೆಯುತ್ತದೆ. ರಸ್ತೆ ಸರಿಯಿಲ್ಲ, ಕೆರೆಯಲ್ಲಿ ಹೂಳು ತುಂಬಿದೆ, ಶಾಲೆಗೆ ಶಿಕ್ಷಕರಿಲ್ಲ. ಈ ಮಾತುಗಳಲ್ಲಿ ಸುಳ್ಳಿಲ್ಲ. ಆದರೆ ಮಾತು ಮುಗಿದೊಡನೆ ಎಲ್ಲರೂ ಎದ್ದು ಮನೆಗೆ ತೆರಳುತ್ತಾರೆ. ಕೊರತೆ ಇದ್ದಲ್ಲಿಯೇ ಇರುತ್ತದೆ. ದೋಷವನ್ನು ಕಾಣುವ ಕಣ್ಣು ಸಮಾಜಕ್ಕೆ ಬೇಕೇ ಬೇಕು. ಆದರೆ ಆ ಕಣ್ಣಿಗೆ ಕೈ ಜೊತೆಗೂಡದಿದ್ದರೆ ಟೀಕೆಯು ಸೋಮಾರಿತನದ ಮತ್ತೊಂದು ಹೆಸರಾಗುತ್ತದೆ.

ದಕ್ಷಿಣ ಕನ್ನಡ ಜಿಲ್ಲೆಯ ಹರೇಕಳ ಹಾಜಬ್ಬನವರು ಮಂಗಳೂರಿನ ಬೀದಿಗಳಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರಿ ಬದುಕಿದವರು. ಶಾಲಾ ಶಿಕ್ಷಣ ಪಡೆದವರಲ್ಲ. ಒಮ್ಮೆ ವಿದೇಶೀಯರು ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಅವರಿಗೆ ಉತ್ತರಿಸಲಾಗಲಿಲ್ಲ. ಅವರ ಊರಾದ ನ್ಯೂಪಡ್ಪುವಿನಲ್ಲಿ ಆಗ ಶಾಲೆಯಿರಲಿಲ್ಲ. ಸರಕಾರವನ್ನು ದೂರಲು ಅವರಿಗೆ ಕಾರಣವಿತ್ತು, ಬಡತನದ ನೆಪ ಹೇಳಲು ಅಧಿಕಾರವೂ ಇತ್ತು. ಅವೆರಡನ್ನೂ ಬದಿಗಿಟ್ಟು ಹಣ್ಣಿನ ಗಳಿಕೆಯಲ್ಲಿ ಅಷ್ಟಿಷ್ಟು ಉಳಿಸಿದರು, ಕಚೇರಿಗಳಿಗೆ ಅಲೆದರು, ದಾನಿಗಳ ಮುಂದೆ ಕೈಯೊಡ್ಡಿದರು. 2000ನೆಯ ಇಸವಿಯ ಹೊತ್ತಿಗೆ ಮದರಸಾದ ಕಟ್ಟಡದಲ್ಲಿಯೇ 28 ಮಕ್ಕಳ ಪಾಠ ಆರಂಭವಾಯಿತು. ಮುಂದೆ ಭೂಮಿ ದೊರೆಯಿತು, ಕಟ್ಟಡ ಎದ್ದಿತು, ಪ್ರೌಢಶಾಲೆಯೂ ಬಂದಿತು. ತಮಗೆ ಬಂದ ಪ್ರಶಸ್ತಿಯ ಹಣವನ್ನೂ ಅವರು ಶಾಲೆಗೇ ಒಪ್ಪಿಸಿದರು. 2020ರಲ್ಲಿ ಘೋಷಣೆಯಾದ ಪದ್ಮಶ್ರೀಯನ್ನು 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿಯೇ ಹೋಗಿ ರಾಷ್ಟ್ರಪತಿಗಳಿಂದ ಸ್ವೀಕರಿಸಿದರು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಗಳು ಎರಡು. ಮೊದಲನೆಯದು, ಅವರು ಕಟ್ಟಿದ್ದು ಖಾಸಗಿ ಶಾಲೆಯನ್ನಲ್ಲ, ಸರಕಾರಿ ಶಾಲೆಯನ್ನು. ‘ಸರಕಾರ ಮಾಡಬೇಕು’ ಎಂದು ನಾವು ಹೇಳಿ ಸುಮ್ಮನಾಗುವ ಕೆಲಸವನ್ನು ಅವರು ಬೆನ್ನು ಹತ್ತಿ ಸರಕಾರದಿಂದಲೇ ಮಾಡಿಸಿದರು. ಟೀಕೆಗೆ ಸಾರ್ಥಕತೆ ಬರುವುದು ಹೀಗೆ. ಎರಡನೆಯದು, ಸ್ವಂತ ಕಟ್ಟಡ ಏಳುವವರೆಗೆ ಅವರು ಪಾಠವನ್ನು ಮುಂದೂಡಲಿಲ್ಲ. ಹಾಗೆ ಕಾದಿದ್ದರೆ ಅಂದು ಆರು ವರ್ಷದ ಮಗು ಆರು ವರ್ಷದ್ದಾಗಿಯೇ ಉಳಿಯುತ್ತಿತ್ತೆ? ಕಟ್ಟಡ ಕಾಯಬಹುದು, ಮಕ್ಕಳ ವಯಸ್ಸು ಕಾಯದು. ‘ನಾಳೆ ನೋಡೋಣ’ ಎಂಬ ಮಾತಿನ ಬೆಲೆಯನ್ನು ಬಹಳ ಸಲ ಆ ಮಾತನ್ನಾಡಿದವನು ತೆರುವುದಿಲ್ಲ. ಅವನ ನಂತರದವರು ತೆರುತ್ತಾರೆ.

ಎಲ್ಲರೂ ಶಾಲೆ ಕಟ್ಟಬೇಕಿಲ್ಲ. ಓದಿನಲ್ಲಿ ಹಿಂದೆ ಬಿದ್ದ ನೆರೆಮನೆಯ ಮಗುವಿಗೆ ದಿನಕ್ಕೆ ಅರ್ಧ ಗಂಟೆ ಪಾಠ ಹೇಳಬಹುದು. ಕೆಟ್ಟ ಕೊಳವೆಬಾವಿಯ ಕುರಿತು ಪಂಚಾಯಿತಿಗೆ ಅರ್ಜಿ ಬರೆದು, ನಾಲ್ಕು ಮನೆಯವರ ಸಹಿ ಪಡೆದು, ದುರಸ್ತಿಯಾಗುವವರೆಗೆ ಬಿಡದೆ ವಿಚಾರಿಸಬಹುದು. ಮನೆಯ ಹಿರಿಯರು ಹೀಗೆ ನಡೆದುಕೊಂಡರೆ ಮಕ್ಕಳಿಗೆ ಕಾಯಕದ ಬೇರೆ ಉಪದೇಶ ಬೇಕಾಗದು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಮಗೆಲ್ಲ ಬಾಯಿಪಾಠವಾಗಿದೆ. ಮೊದಲು ಕೆಸರಿಗೆ ಕೈಯಿಡುವವರು ಯಾರು ಎಂಬುದೊಂದೇ ಉಳಿದಿರುವ ಪ್ರಶ್ನೆ.