ಕಂಪನಿ ಕೊಟ್ಟ ಡಬ್ಬಿ, ಅಂಗಡಿಯಿಂದ ತಂದ ರೂಟರ್

ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿದಾಗ ಕಂಪನಿಯ ಕಡೆಯವರು ಗೋಡೆಗೆ ಬಡಿದು ಹೋಗುವ ಡಬ್ಬಿಗೆ ಜನ ಮೋಡೆಮ್, ರೂಟರ್, ವೈಫೈ ಎಂದು ಬಾಯಿಗೆ ಬಂದ ಹೆಸರಿಡುತ್ತಾರೆ. ಮೂರು ಹೆಸರಿಗೂ ಅರ್ಥವಿದೆ, ಏಕೆಂದರೆ ಅದರೊಳಗೆ ಮೂರು ಯಂತ್ರಗಳು ಕೂತಿವೆ. ಗಾಜಿನ ಎಳೆಯಲ್ಲಿ ಬಂದ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವುದು ಮೊದಲನೆಯದು. ಇದಕ್ಕೆ ತಂತ್ರಜ್ಞರು ಓಎನ್‌ಟಿ ಎನ್ನುತ್ತಾರೆ. ಯಾವ ಮಾಹಿತಿ ಯಾವ ಫೋನಿಗೆ ಹೋಗಬೇಕೆಂದು ಹಂಚುವ ರೂಟರ್ ಎರಡನೆಯದು. ಹಂಚಿದ್ದನ್ನು ಗಾಳಿಗೆ ಬಿಡುವ ರೇಡಿಯೊ ಮೂರನೆಯದು. ಅಂಗಡಿಯಲ್ಲಿ ಸಿಗುವ ರೂಟರಿನಲ್ಲಿ ಸಾಮಾನ್ಯವಾಗಿ ಕೊನೆಯ ಎರಡು ಮಾತ್ರ ಇರುತ್ತವೆ. ಹಾಗಾಗಿ ಹೊಸ ರೂಟರ್ ತಂದರೂ ಕಂಪನಿಯ ಡಬ್ಬಿ ಮನೆಯಲ್ಲೇ ಉಳಿಯುತ್ತದೆ; ಹೊಸದು ಅದರ ಬೆನ್ನಿಗೆ ನಿಂತು ಕೆಲಸ ಮಾಡುತ್ತದೆ.

ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನ ಅಡರಕಟ್ಟಿಯಂಥ ಊರುಗಳ ಕಡೆಗೆ ಗಾಜಿನ ಎಳೆ ಹೊರಳಿದ್ದು ಒಂದು ಸರ್ಕಾರಿ ಯೋಜನೆಯಿಂದ. ಗ್ರಾಮ ಪಂಚಾಯಿತಿಗಳ ತನಕ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದದ್ದು 2015ರಲ್ಲಿ. ಹಳ್ಳಿಯ ಮನೆಗಳಿಗೆ ಬಿಎಸ್‌ಎನ್‌ಎಲ್ ಸಂಪರ್ಕ ಕೊಡುವುದು ಬಹುಪಾಲು ಸ್ಥಳೀಯ ಕೇಬಲ್‌ನವರ ಕೈಯಿಂದ. ಯೋಜನೆಗೆ ಬೇಕಾದ ಜಿ-ಪಾನ್ ತಂತ್ರವನ್ನು ದೇಶದಲ್ಲೇ ರೂಪಿಸಿದ ಸಂಸ್ಥೆಗಳಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಕೇಂದ್ರವಾದ ಸಿ-ಡಾಟ್ ಮುಖ್ಯವಾದುದು. ಇದೇ ಸಿ-ಡಾಟ್ ಹಳ್ಳಿಗಳಿಗೆಂದು ಮಾಡಿದ ಮೊದಲ ದೂರವಾಣಿ ವಿನಿಮಯ ಕೇಂದ್ರ 1986ರಲ್ಲಿ ಕೆಲಸ ಶುರು ಮಾಡಿದ್ದು ಕಿತ್ತೂರಿನಲ್ಲಿ. ಧೂಳು, ಸೆಖೆ ತಡೆದುಕೊಂಡು, ಎಸಿ ಇಲ್ಲದ ಕೋಣೆಯಲ್ಲಿ ನಡೆಯಬೇಕೆಂಬುದು ಆ ಯಂತ್ರಕ್ಕಿದ್ದ ಷರತ್ತು. ಇಂದಿನ ರೂಟರಿಗೂ ಈ ಸೀಮೆಯಲ್ಲಿ ಅದೇ ಷರತ್ತು, ಆದರೆ ಅದನ್ನು ಪೆಟ್ಟಿಗೆಯ ಮೇಲೆ ಯಾರೂ ಅಚ್ಚು ಹಾಕಿಸುವುದಿಲ್ಲ.

ಜಿ-ಪಾನ್‌ನಲ್ಲಿ ಒಂದೇ ಎಳೆಯ ಬೆಳಕು ದಾರಿಯಲ್ಲಿ 32 ಅಥವಾ 64 ಕವಲಾಗಿ ಒಡೆದು ಮನೆಮನೆಗೆ ಹೋಗುತ್ತದೆ. ಕವಲೊಡೆಯುವ ಜಾಗದಲ್ಲಿ ಕರೆಂಟು ಬೇಕಿಲ್ಲ. ಮನೆಯತ್ತ ಬರುವ ಬೆಳಕಿನ ತರಂಗಾಂತರ 1490 ನ್ಯಾನೊಮೀಟರ್, ಮನೆಯಿಂದ ಹೋಗುವುದರದು 1310. ಹೀಗಾಗಿ ಒಂದೇ ಎಳೆಯಲ್ಲಿ ಎರಡೂ ಒಂದಕ್ಕೊಂದು ಅಡ್ಡಬರದೆ ಸಾಗುತ್ತವೆ. ಮನೆಯತ್ತ ಬರುವ ದಿಕ್ಕಿನಲ್ಲಿ ಎಲ್ಲ ಮನೆಗಳೂ ಸೇರಿ ಹಂಚಿಕೊಳ್ಳುವ ವೇಗ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್. 30 ಅಥವಾ 50 ಎಂಬಿಪಿಎಸ್ ಪ್ಲಾನ್ ತೆಗೆದುಕೊಂಡವರ ಮಟ್ಟಿಗೆ ಎಳೆಯಲ್ಲಿ ಕೊರತೆ ಕಾಣುವುದು ಅಪರೂಪ. ವೇಗ ಸೋರುವುದು ಡಬ್ಬಿ ದಾಟಿದ ಮೇಲೆ.

ಸೋರಿಕೆಯ ಮೊದಲ ಕಾರಣ ಡಬ್ಬಿ ಕೂತ ಜಾಗ. ಕೇಬಲ್ ಬರುವುದು ಬೀದಿಯ ಕಂಬದಿಂದ. ಎಳೆ ಉಳಿಸಲು ಅದನ್ನು ಮುಂದಿನ ಗೋಡೆಯಲ್ಲೇ ಒಳಗೆ ತೂರಿಸುತ್ತಾರೆ. ಪ್ಲಗ್ ಇರುವುದು ಪಡಸಾಲೆಯ ಟಿವಿ ಹತ್ತಿರ. ಹಾಗಾಗಿ ಡಬ್ಬಿ ಮನೆಯ ಒಂದು ತುದಿಗೆ, ಟಿವಿಯ ಹಿಂದೆ ನೆಲೆಯಾಗುತ್ತದೆ. ಅಡುಗೆಮನೆ, ಹಿತ್ತಲಿನ ಕೋಣೆ, ಓದುವ ಹುಡುಗರ ಜಾಗ ಇನ್ನೊಂದು ತುದಿಗೆ. ನಡುವೆ ಗೋಡೆಗಳು. ಈ ಭಾಗದ ಹಳೆಯ ಮಾಳಿಗೆ ಮನೆಗಳಲ್ಲಿ ಮಣ್ಣು, ಕಲ್ಲು ಸೇರಿದ ದಪ್ಪ ಗೋಡೆ, ಮೇಲೆ ಮೇಲ್ಮುದ್ದೆಯ ಮಣ್ಣಿನ ಚಾವಣಿ. ಬೇಸಿಗೆಯಲ್ಲಿ ಮನೆಯನ್ನು ತಂಪಾಗಿಡುವ ಆ ದಪ್ಪವೇ ರೇಡಿಯೊ ಅಲೆಯನ್ನು ನುಂಗುತ್ತದೆ. ಗೋಡೆ ತೇವ ಹಿಡಿದರೆ ಇನ್ನೂ ಹೆಚ್ಚು, ಏಕೆಂದರೆ ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಒಳಕೋಣೆಯ ವೈಫೈ ಸೊರಗಿದರೆ ಅದು ಬರೀ ಭ್ರಮೆಯಲ್ಲ. ತಗಡಿನದು ಬೇರೆ ಬಗೆ: ಅದು ನುಂಗುವುದಿಲ್ಲ, ತಿರುಗಿಸಿ ಎಸೆಯುತ್ತದೆ. ತಗಡಿನ ಗೋಡೆಯ ಆಚೆಗಿನ ಕೋಣೆಗೆ ಅಲೆ ತಲುಪುವುದು ಬಾಗಿಲು ಕಿಟಕಿಗಳ ಸಂದಿಯಿಂದ ಮಾತ್ರ.

ನಷ್ಟವನ್ನು ಅಳೆಯುವ ಡೆಸಿಬೆಲ್ ಲೆಕ್ಕ ಸ್ವಲ್ಪ ಮೋಸದ್ದು. 3 ಡೆಸಿಬೆಲ್ ಇಳಿದರೆ ಶಕ್ತಿ ಅರ್ಧಕ್ಕೆ ಬರುತ್ತದೆ, 10 ಇಳಿದರೆ ಹತ್ತರಲ್ಲೊಂದು ಪಾಲು, 20 ಇಳಿದರೆ ನೂರರಲ್ಲೊಂದು. ಒಂದೊಂದೂ 10 ಡೆಸಿಬೆಲ್ ತಿನ್ನುವ ಎರಡು ಗೋಡೆ ದಾಟುವಷ್ಟರಲ್ಲಿ ಉಳಿಯುವುದು ಈ ನೂರರ ಒಂದು ಪಾಲು. ವೈಫೈ ಹೆಚ್ಚಾಗಿ ಬಳಸುವ ಎರಡು ಪಟ್ಟಿಗಳಲ್ಲಿ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. 5 ಗಿಗಾಹರ್ಟ್ಸ್‌ನದು ಅದರ ಅರ್ಧಕ್ಕೂ ಕಡಿಮೆ. ಎರಡನೆಯದು ಹೆಚ್ಚು ಮಾಹಿತಿ ಹೊರುತ್ತದೆ, ಆದರೆ ಗೋಡೆಗೆ ಬೇಗ ಸೋಲುತ್ತದೆ.

ಕಂಪನಿಯ ಡಬ್ಬಿ ಹಿಂದೆ ಬೀಳುವುದು ಇಲ್ಲಿಯೇ. ಸಾವಿರಾರು ಮನೆಗೆ ಹಂಚಬೇಕಾದ್ದರಿಂದ ಅದನ್ನು ಆರಿಸುವಾಗ ಬೆಲೆಯೇ ಮೊದಲ ಮಾತು. ಅಗ್ಗದ ಹಲವು ಓಎನ್‌ಟಿಗಳಲ್ಲಿ 2.4 ಪಟ್ಟಿ ಒಂದೇ ಇದೆ, 2009ರ ವೈಫೈ 4 ಮಟ್ಟದ್ದು. ಪೆಟ್ಟಿಗೆಯ ಮೇಲೆ 300 ಎಂಬಿಪಿಎಸ್ ಎಂದಿರುತ್ತದೆ. ಅದು ಎರಡು ಆಂಟೆನಾ, ಅಗಲವಾದ 40 ಮೆಗಾಹರ್ಟ್ಸ್ ಚಾನೆಲ್ ಸಿಕ್ಕಾಗಿನ ಕಾಗದದ ಲೆಕ್ಕ. ರೂಢಿಯ 20 ಮೆಗಾಹರ್ಟ್ಸ್‌ನಲ್ಲಿ ಅದು 144ಕ್ಕೆ ಇಳಿಯುತ್ತದೆ. ಕೈಗೆ ಸಿಗುವುದು ಅದರಲ್ಲೂ ಅರ್ಧದ ಆಸುಪಾಸು. 30 ಎಂಬಿಪಿಎಸ್ ಪ್ಲಾನಿಗೆ ಇಷ್ಟು ಧಾರಾಳವಾಗಿ ಸಾಕು. 100 ದಾಟಿದ ಪ್ಲಾನಿಗೆ ಸಾಲದು. ಆಗ ಎರಡು ಪಟ್ಟಿಯ ರೂಟರ್ ಕೊಂಡದ್ದಕ್ಕೆ ಫಲ ಕಾಣುತ್ತದೆ. ಅಲ್ಲಿಯೂ ಒಂದು ಗುಂಡಿ ಇದೆ. 1200 ಎಂದು ದೊಡ್ಡದಾಗಿ ಬರೆದ ಕೆಲವು ರೂಟರುಗಳ ಹಿಂದಿನ ತಂತಿಯ ಪೋರ್ಟು ಬರೀ 100 ಎಂಬಿಪಿಎಸ್‌ನದು. ಅದರಿಂದ ಒಳಗೆ ಬರುವುದು ಹೆಚ್ಚೆಂದರೆ ಸುಮಾರು 94. ಗಾಳಿಯಲ್ಲಿ ಎಷ್ಟು ಶೂರನಾದರೇನು? ಕೊಳ್ಳುವ ಮುನ್ನ ಆಂಟೆನಾ ಎಣಿಸುವುದಕ್ಕಿಂತ ಆ ಪೋರ್ಟು ಗಿಗಾಬಿಟ್ ಹೌದೋ ಅಲ್ಲವೋ ಎಂದು ಕೇಳುವುದು ಮೇಲು.

ಆಂಟೆನಾ ಹೆಚ್ಚಿದಷ್ಟೂ ಅಲೆ ಜೋರು ಎಂಬ ಜನರ ನಂಬಿಕೆ ವಿಪರೀತ. ಭಾರತದಲ್ಲಿ 2.4 ಪಟ್ಟಿ ಲೈಸೆನ್ಸ್ ಇಲ್ಲದ ಬಳಕೆಗೆ ತೆರೆದದ್ದು 2005ರಲ್ಲಿ, 5 ಪಟ್ಟಿಯ ವಿಶಾಲ ಭಾಗ 2018ರಲ್ಲಿ. ಎರಡಕ್ಕೂ ಶಕ್ತಿಯ ಮಿತಿ ಕಾನೂನಿನಲ್ಲೇ ಇದೆ. ಕಂಪನಿ ಡಬ್ಬಿಗೂ ದುಬಾರಿ ರೂಟರಿಗೂ ಅದೇ ಮಿತಿ. ಅಲ್ಲದೆ ವೈಫೈ ಎಂದರೆ ಇಬ್ಬರ ಮಾತುಕತೆ. ರೂಟರ್ ಎಷ್ಟೇ ಜೋರಾಗಿ ಕೂಗಿದರೂ, ಬ್ಯಾಟರಿ ಉಳಿಸಿಕೊಂಡು ಮೆಲ್ಲನೆ ಮಾತಾಡುವ ಫೋನಿನ ಉತ್ತರ ಗೋಡೆ ದಾಟಿ ವಾಪಸು ಬರಬೇಕು. ಫೋನಿನಲ್ಲಿ ವೈಫೈ ಗುರುತು ಕಂಡರೂ ವಿಡಿಯೊ ಓಡದಿರುವುದಕ್ಕೆ ಇದೊಂದು ಕಾರಣ. ಒಳ್ಳೆಯ ರೂಟರಿನ ಹೆಚ್ಚುವರಿ ಆಂಟೆನಾ ಈ ಮೆಲುದನಿಯನ್ನು ಕೇಳಿಸಿಕೊಳ್ಳಲು ನೆರವಾಗುತ್ತದೆ ನಿಜ, ಆದರೆ ಎರಡಡಿ ಮಣ್ಣಿನೆದುರು ಆ ನೆರವು ಸಣ್ಣದು.

ರೂಟರ್ ಕೊಳ್ಳುವ ಸಲಹೆಗಳು ಹುಟ್ಟುವುದು ಹೆಚ್ಚಾಗಿ ಬೆಂಗಳೂರಿನ ಅಪಾರ್ಟ್‌ಮೆಂಟಿನಂಥ ಜಾಗದಲ್ಲಿ. ಅಲ್ಲಿನ ತೊಂದರೆ ಸಂತೆ. 2.4 ಪಟ್ಟಿಯಲ್ಲಿ ಒಂದನ್ನೊಂದು ತುಳಿಯದ ಚಾನೆಲ್‌ಗಳು ಮೂರೇ: 1, 6, 11. ಒಂದು ಮಹಡಿಯಲ್ಲಿ ಇಪ್ಪತ್ತು ರೂಟರುಗಳು ಅದೇ ಮೂರಕ್ಕೆ ಮುಗಿಬಿದ್ದರೆ ಎಲ್ಲರೂ ಕಾಯಬೇಕು. 2019ರಿಂದ ಪ್ರಮಾಣಪತ್ರ ಪಡೆದು ಬರುತ್ತಿರುವ ವೈಫೈ 6ರ ದೊಡ್ಡ ಗುಣವೇ ಈ ಸಂತೆಯನ್ನು ಸಂಭಾಳಿಸುವುದು. ಅಡರಕಟ್ಟಿಯಂಥ ಊರಿನಲ್ಲಿ ಅಷ್ಟು ನೆರೆಹೊರೆಯ ವೈಫೈ ಗದ್ದಲವಿಲ್ಲ. ಇಲ್ಲಿನ ತೊಂದರೆ ಗೋಡೆ ಮತ್ತು ಕರೆಂಟು. ಸಂತೆಗೆಂದು ಮಾಡಿದ ಔಷಧಿಗೆ ಸುಮ್ಮನೆ ದುಡ್ಡು ಸುರಿಯಬೇಕಿಲ್ಲ.

ಗೋಡೆಗೆ ಮದ್ದು ತಂತಿ. ಕಂಪನಿಯ ಡಬ್ಬಿ ಪಡಸಾಲೆಯಲ್ಲೇ ಇರಲಿ. ಅದರಿಂದ ಒಂದು ಎತರ್ನೆಟ್ ಕೇಬಲ್ ಎಳೆದು ನಡುಮನೆಯಲ್ಲೋ ಹಿತ್ತಲ ಕೋಣೆಯಲ್ಲೋ ಸಾಧಾರಣ ಬೆಲೆಯ ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಎಂದರೆ ಬರೀ ವೈಫೈ ಬಿಡುವ ಪೆಟ್ಟಿಗೆಯಾಗಿ ಇಟ್ಟರೆ, ಟಿವಿ ಹಿಂದೆ ಕೂತ ದುಬಾರಿ ರೂಟರಿಗಿಂತ ಚೆನ್ನಾಗಿ ನಡೆಯುತ್ತದೆ. ಈ ತಂತಿ 100 ಮೀಟರ್ ತನಕ ವೇಗ ಬಿಟ್ಟುಕೊಡದು. ತಂತಿ ಬೇಡವೆಂದು ರಿಪೀಟರ್ ಹಾಕಿದರೆ, ಅದು ಒಂದೇ ರೇಡಿಯೊದಲ್ಲಿ ಕೇಳಿದ್ದನ್ನು ಮತ್ತೆ ಹೇಳಬೇಕಾಗಿ ವೇಗ ಅರ್ಧವಾಗುತ್ತದೆ. ಎರಡು ಮೂರು ಪೆಟ್ಟಿಗೆಯ ಮೆಶ್ ಸೆಟ್ಟಿಗೂ ಅದೇ ನಿಯಮ: ಪೆಟ್ಟಿಗೆಗಳ ನಡುವೆ ದಪ್ಪ ಗೋಡೆ ಬಂದರೆ ಮೆಶ್ ಕೂಡ ಏದುಸಿರು ಬಿಡುತ್ತದೆ.

ಕೊಂಡ ರೂಟರ್ ನಿಜವಾಗಿ ಗೆಲ್ಲುವ ಇನ್ನೊಂದು ಜಾಗ ಕಣ್ಣಿಗೆ ಕಾಣುವುದಿಲ್ಲ. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆಯ ಹೊರಗೆ ಲಾರಿಗಳ ಸಾಲು ನಿಂತಾಗ, ಒಂದೇ ಚೀಲ ತಂದವನೂ ಅದರ ಹಿಂದೆ ನಿಲ್ಲಬೇಕು. ಮನೆಯಲ್ಲಿ ಒಬ್ಬರು ಮದುವೆಯ ವಿಡಿಯೊ ಕಳಿಸತೊಡಗಿದಾಗ ಇನ್ನೊಬ್ಬರ ವಾಟ್ಸ್‌ಆ್ಯಪ್ ಕರೆ ತಡವರಿಸುವುದು ಇದೇ ಕಾರಣಕ್ಕೆ: ಡಬ್ಬಿಯೊಳಗಿನ ಸಾಲು ಬೇಕಾದ್ದಕ್ಕಿಂತ ಉದ್ದ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಪ್ರಕಟಿಸಿದ ಕೋಡೆಲ್ ಎಂಬ ವಿಧಾನ ಈ ಸಾಲನ್ನು ಗಿಡ್ಡವಾಗಿ ಇಡುತ್ತದೆ. ಅದರ ಮುಂದಿನ ರೂಪ ಒಂದು ಚೀಲದವನಿಗೆ ಬೇರೆ ದಾರಿ ಬಿಡುತ್ತದೆ. ಕೆಲವು ರೂಟರುಗಳಲ್ಲಿ ಈ ಸೌಲಭ್ಯ ಸಿಗುತ್ತದೆ, ಕಂಪನಿಯ ಡಬ್ಬಿಗಳಲ್ಲಿ ವಿರಳ. ಪ್ಲಾನ್ ಬದಲಿಸದೆಯೇ ಕರೆ ಸರಿಹೋಗುವುದುಂಟು.

ಕಂಪನಿ ಡಬ್ಬಿಗೆ ತನ್ನದೇ ಅನುಕೂಲವಿದೆ. ಅದನ್ನು ದೂರದಿಂದಲೇ ಪರೀಕ್ಷಿಸಬಹುದು, ತಂತ್ರಾಂಶ ಹೊಸದು ಮಾಡಬಹುದು; ಕೆಟ್ಟರೆ ದೂರು ಕೊಡಲು ಒಂದು ಬಾಗಿಲಿದೆ. ಸ್ವಂತ ರೂಟರಿನ ಸುರಕ್ಷತೆಯ ಹೊಣೆ ಮಾಲೀಕರದೇ. ಎರಡೂ ಡಬ್ಬಿಗಳು ವಿಳಾಸ ಹಂಚುವ ಕೆಲಸವನ್ನು ಒಟ್ಟಿಗೆ ಮಾಡತೊಡಗಿದರೆ ಕೆಲವು ಆಟ, ಸಿಸಿ ಕ್ಯಾಮೆರಾ ಕೈಕೊಡುತ್ತವೆ. ಆಗ ಕಂಪನಿಯದನ್ನು ಹಂಚುವ ಕೆಲಸ ಬಿಟ್ಟು ಮಾಹಿತಿಯನ್ನು ಬರೀ ದಾಟಿಸುವ ಬ್ರಿಜ್ ಮೋಡ್‌ಗೆ ಹಾಕಿಸಬೇಕು, ಇಲ್ಲವೇ ಹೊಸದನ್ನು ಬರೀ ಆಕ್ಸೆಸ್ ಪಾಯಿಂಟ್ ಮಾಡಬೇಕು. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಗ್ರಾಹಕರು ತಮ್ಮಿಷ್ಟದ ಪೆಟ್ಟಿಗೆ ಜೋಡಿಸುವ ಹಕ್ಕು ಕಾನೂನಿನಲ್ಲೇ ಇದೆ. ಇಲ್ಲಿಯೂ ಬಿಎಸ್‌ಎನ್‌ಎಲ್ ಫೈಬರ್‌ನಲ್ಲಿ ಹೊಂದುವ ಓಎನ್‌ಟಿಯನ್ನು ಗ್ರಾಹಕರೇ ಕೊಂಡು ಹಾಕಿಸಿಕೊಳ್ಳಬಹುದು.

ಕರೆಂಟಿನ ಲೆಕ್ಕ ಕೊನೆಯದು, ಹಳ್ಳಿಯ ಮಟ್ಟಿಗೆ ಸಣ್ಣದಲ್ಲ. ಇಂಥ ಡಬ್ಬಿಗಳು ಸಾಮಾನ್ಯವಾಗಿ 12 ವೋಲ್ಟಿನವು; ಒಂದು ಪುಟ್ಟ ಯುಪಿಎಸ್ ಒಂದನ್ನು ಕೆಲವು ಗಂಟೆ ನಡೆಸುತ್ತದೆ. ಡಬ್ಬಿ ಎರಡಾದರೆ ಬ್ಯಾಟರಿ ಬಾಳುವ ಹೊತ್ತು ಕುಗ್ಗುತ್ತದೆ. ಹೊಸ ರೂಟರಿಗೆ ಮಾತ್ರ ಯುಪಿಎಸ್ ಕೊಟ್ಟು ಕಂಪನಿಯ ಡಬ್ಬಿಯನ್ನು ಮರೆತರೆ ಎರಡೂ ಇದ್ದೂ ಇಲ್ಲದಂತೆ.

ರೂಟರ್ ಬೇಕೋ ಬೇಡವೋ ಎಂಬುದನ್ನು ಮೂರು ಅಳತೆಗಳಲ್ಲಿ ತಿಳಿಯಬಹುದು. ಮೊದಲು ಲ್ಯಾಪ್‌ಟಾಪನ್ನು ತಂತಿಯಿಂದ ಕಂಪನಿ ಡಬ್ಬಿಗೆ ಜೋಡಿಸಿ ವೇಗ ನೋಡಬೇಕು. ಆಮೇಲೆ ಡಬ್ಬಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ವೈಫೈಯಲ್ಲಿ. ಕೊನೆಗೆ ಹಿತ್ತಲ ಕೋಣೆಯಲ್ಲಿ. ಮೊದಲನೆಯದೇ ಪ್ಲಾನಿಗಿಂತ ಕಡಿಮೆ ಬಂದರೆ, ಅಥವಾ ಬೆಳಕು ಬರುತ್ತಿಲ್ಲವೆಂದು ಹೇಳುವ ಡಬ್ಬಿಯ ಎಲ್‌ಓಎಸ್ ದೀಪ ಕೆಂಪಗೆ ಮಿಣುಕುತ್ತಿದ್ದರೆ, ಯಾವ ರೂಟರೂ ಕೆಲಸಕ್ಕೆ ಬಾರದು, ಕೇಬಲ್‌ನವರನ್ನೇ ಕರೆಯಬೇಕು. ಎರಡನೆಯದು ಕುಸಿದರೆ ಡಬ್ಬಿಯ ರೇಡಿಯೊ ಹಳೆಯದಾಗಿದೆ, ಹೊಸದು ಕೊಳ್ಳಬಹುದು. ಮೂರನೆಯದು ಮಾತ್ರ ಕುಸಿದರೆ ತಪ್ಪು ಗೋಡೆಯದು: ಡಬ್ಬಿಯನ್ನು ಟಿವಿ ಹಿಂದಿನಿಂದ ಎತ್ತಿ ನಡುಮನೆಯ ಬಾಗಿಲಿನ ಮೇಲಿಟ್ಟು ಇನ್ನೊಮ್ಮೆ ಅಳೆದು ನೋಡಬೇಕು, ಅಂಗಡಿಗೆ ಹೋಗುವುದು ಆಮೇಲೆ.