ಗಾಲಿ ಕೊಳ್ಳುವ ಮುನ್ನ ಕಡ್ಡಿ ಮೀಟಿ ನೋಡಿ

ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟ ಹತ್ತುವ ರೋಡ್ ಬೈಕ್ ಸವಾರರ ಮಾತೆಲ್ಲ ಗ್ರಾಂ ಲೆಕ್ಕದಲ್ಲೇ ನಡೆಯುತ್ತದೆ: ಯಾರ ಗಾಲಿ ಹಗುರ, ಯಾರದು ಕಾರ್ಬನ್. ದುಡ್ಡು ಧಾರಾಳವಾಗಿದ್ದರೆ ಸರಿ. ಸಂಬಳದಲ್ಲಿ ಉಳಿಸಿ ಗಾಲಿ ಕೊಳ್ಳುವವರು ಮಾತ್ರ ತೂಕವನ್ನು ಕೊನೆಗೆ ನೋಡಲಿ. ನಮ್ಮ ಗುಂಡಿ, ಹಂಪುಗಳ ರಸ್ತೆಯಲ್ಲಿ ಗಾಲಿಯನ್ನು ಕಾಯುವುದು ಕಡ್ಡಿಗಳ ಬಿಗಿ.

ಗಾಲಿ ಉರುಳುವಾಗ ನೆಲದ ಕಡೆಗೆ ಬಂದ ಕಡ್ಡಿಗಳ ಎಳೆತ ಕ್ಷಣಕಾಲ ತಗ್ಗಿ, ಮತ್ತೆ ಏರುತ್ತದೆ. 28 ಮಿ.ಮೀ. ಟಯರಿನ 700ಸಿ ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್. 200 ಕಿ.ಮೀ. ತುಳಿದರೆ 90 ಸಾವಿರಕ್ಕೂ ಹೆಚ್ಚು ಸುತ್ತು. ಪ್ರತಿ ಸುತ್ತಿಗೂ ಪ್ರತಿ ಕಡ್ಡಿಗೆ ಇದೇ ಪಾಡು. ಸಡಿಲವಿದ್ದ ಕಡ್ಡಿ ಹಬ್ಬಿನ ತೂತಿನ ಬಳಿ, ಬಾಗಿದ ಕುತ್ತಿಗೆಯಲ್ಲಿ ದಣಿದು ದಣಿದು ಒಂದು ದಿನ ಟಣ್ಣೆಂದು ತುಂಡಾಗುತ್ತದೆ. ಅದೂ ಹೆಚ್ಚಾಗಿ ಹಿಂದಿನ ಗಾಲಿಯಲ್ಲಿ. ಇದನ್ನೆಲ್ಲ ಜಾಬ್ಸ್ಟ್ ಬ್ರಾಂಟ್ ಎಂಬ ಅಮೆರಿಕದ ಎಂಜಿನಿಯರ್ 1981ರಲ್ಲಿ ಬಂದ ‘ದಿ ಬೈಸಿಕಲ್ ವೀಲ್’ ಪುಸ್ತಕದಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಕಟ್ಟಿದ ಗಾಲಿಯ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಕೈಯಲ್ಲಿ ಹಿಡಿದು ಬಲವಾಗಿ ಹಿಂಡಬೇಕು ಎಂದೂ ಹೇಳಿದ್ದಾರೆ. ಅಗ್ಗದ ಗಾಲಿಗಳಲ್ಲಿ ತಪ್ಪಿಹೋಗುವುದು ಈ ಕೈಕೆಲಸವೇ.

ಹಿಂದಿನ ಗಾಲಿಗೆ 32 ಕಡ್ಡಿ ಇರಲಿ. ಹಗುರ ಮೈಯವರಿಗೆ ಮುಂದೆ 28 ಸಾಕು. ತುದಿಗಳಲ್ಲಿ 2 ಮಿ.ಮೀ., ನಡುವೆ 1.8 ಮಿ.ಮೀ. ಇರುವ ‘ಡಬಲ್ ಬಟೆಡ್’ ಕಡ್ಡಿ ಕೇಳಿ ಪಡೆಯಿರಿ. ತೆಳುವಾದ ನಡುಭಾಗ ತುಸು ಹಿಗ್ಗಿ ಹೊಡೆತ ನುಂಗುವುದರಿಂದ ಕುತ್ತಿಗೆ ಉಳಿಯುತ್ತದೆ. ನಿಪ್ಪಲ್ ಹಿತ್ತಾಳೆಯದಿರಲಿ. ಕುತ್ತಿಗೆ ಬಾಗಿರದ ನೇರ ಕಡ್ಡಿಗಳು ನೋಡಲು ಚೆಂದ, ಆದರೆ ಊರಾಚೆ ಮುರಿದರೆ ಬದಲಿ ಸಿಗುವುದು ಕಷ್ಟ.

ಹಬ್ ವಿಚಾರದಲ್ಲಿ ಶಿಮಾನೋದ ಟಿಯಾಗ್ರ, 105 ಮಟ್ಟದವು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಬಿಚ್ಚಿ, ಗ್ರೀಸ್ ಬದಲಿಸಿ, ಹೊಸ ಬಾಲ್ಸ್ ಹಾಕಿಸುತ್ತಿದ್ದರೆ ವರ್ಷಗಟ್ಟಲೆ ತಿರುಗುತ್ತವೆ. ಅಲ್ಯೂಮಿನಿಯಂ ರಿಮ್ಮಿನ ಒಳ ಅಗಲ 19ರಿಂದ 21 ಮಿ.ಮೀ. ಇದ್ದರೆ 28, 32 ಮಿ.ಮೀ. ಟಯರುಗಳು ಚೆನ್ನಾಗಿ ಕೂರುತ್ತವೆ. ಅಷ್ಟು ದಪ್ಪದ ಟಯರ್ ಫ್ರೇಮಿಗೆ ಹಿಡಿಸುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಹಳೆಯ 10 ಸ್ಪೀಡ್ ಹಬ್ಬಿಗೆ 11 ಸ್ಪೀಡ್ ರೋಡ್ ಕ್ಯಾಸೆಟ್ ಸಾಮಾನ್ಯವಾಗಿ ಕೂರದು ಎಂಬುದೂ ನೆನಪಿರಲಿ.

ಅಂಗಡಿಯಲ್ಲಿ ಗಾಲಿಯನ್ನು ಕೈಯಲ್ಲಿ ಹಿಡಿದು, ತಂಬೂರಿ ಮೀಟಿದಂತೆ ಒಂದೇ ಬದಿಯ ಕಡ್ಡಿಗಳನ್ನು ಒಂದೊಂದಾಗಿ ಮೀಟಿ. ನಾದ ಹೆಚ್ಚುಕಡಿಮೆ ಒಂದೇ ಇರಬೇಕು. ನಡುವೆ ಒಂದು ಮಂಕಾಗಿ ಕೇಳಿದರೆ ಅದು ಸಡಿಲವೆಂದೇ ಅರ್ಥ. ಹಿಂದಿನ ಗಾಲಿಯ ಎಡ, ಬಲ ಬದಿಗಳ ನಾದ ಬೇರೆ ಬೇರೆ ಇರುವುದು ಸಹಜ, ಅದಕ್ಕೆ ಗಾಬರಿ ಬೇಡ. ಆಮೇಲೆ ಗಾಲಿ ತಿರುಗಿಸಿ, ರಿಮ್ ಅತ್ತಿತ್ತ ಓಲಾಡುತ್ತದೆಯೇ ನೋಡಿ.

ಒಳ್ಳೆಯ ಮೆಕ್ಯಾನಿಕ್ ಸಿಕ್ಕರೆ ಬಿಡಿಭಾಗ ಕೊಂಡು ಅವರಿಂದಲೇ ಕಟ್ಟಿಸಿ. ಕೂಲಿಯಲ್ಲಿ ಚೌಕಾಸಿ ಬೇಡ. ಮುಂದಿನ ಗಾಲಿಗೂ ಹಿಂದಿನ ಗಾಲಿಯ ಎಡ, ಬಲಕ್ಕೂ ಕಡ್ಡಿಯ ಉದ್ದ ಬೇರೆಯಿರಬಹುದು. ಪ್ರತಿ ಅಳತೆಯ ಎರಡೆರಡು ಕಡ್ಡಿಗಳನ್ನು ಆಗಲೇ ಕೇಳಿ ಇಟ್ಟುಕೊಳ್ಳಿ.