ಮನೆಯಲ್ಲೊಂದು ಪುಟ್ಟ ಹವಳದ ತೊಟ್ಟಿ: ಶುರು ಮಾಡುವ ಮುನ್ನ

ಹವಳ ಸಾಕುವುದು ಎಂದ ಕೂಡಲೇ ಹೆಚ್ಚಿನವರು ಕೇಳುವುದು ಒಂದೇ: ಅದು ಗಿಡವೋ, ಕಲ್ಲೋ? ಎರಡೂ ಅಲ್ಲ, ಪ್ರಾಣಿ. ಕರಿಮಣಿ ಸರದಲ್ಲಿ ಪೋಣಿಸುವ ಅಸಲಿ ಕೆಂಪು ಹವಳ ಇಂಥದೇ ಒಂದು ಪ್ರಾಣಿ ಕಟ್ಟಿಕೊಂಡ ಗಟ್ಟಿ ಗೂಡು. ಜೀವಂತ ಹವಳದಲ್ಲಿ ಪಾಲಿಪ್ ಎಂಬ ಪುಟ್ಟ ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಬದುಕುತ್ತವೆ. ಪ್ರತಿ ಪಾಲಿಪ್‌ನ ನಡುವೆ ಒಂದು ಬಾಯಿ, ಬಾಯಿಯ ಸುತ್ತ ಎಳೆಎಳೆಯಾದ ಬೆರಳುಗಳು. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಮನೆ ಮಾಡಿಕೊಂಡಿರುತ್ತದೆ. ಬೆಳಕು ಬಿದ್ದಾಗ ಆ ಪಾಚಿ ಸಕ್ಕರೆ ತಯಾರಿಸುತ್ತದೆ, ಹವಳ ಅದನ್ನು ಉಣ್ಣುತ್ತದೆ. ನೀರು ಅತಿಯಾಗಿ ಕಾದರೆ ಹವಳ ಈ ಪಾಚಿಯನ್ನು ಹೊರಗೆ ಹಾಕಿ ಬಿಳಿಚಿಕೊಳ್ಳುತ್ತದೆ. ಇದಕ್ಕೆ ಬ್ಲೀಚಿಂಗ್ ಎನ್ನುತ್ತಾರೆ. ಬಿಳಿಚಿಕೊಂಡ ಹವಳ ಕೂಡಲೇ ಸಾಯುವುದಿಲ್ಲ, ಆದರೆ ಉಪವಾಸ ಬೀಳುತ್ತದೆ.

ತೊಟ್ಟಿಯ ಮಾತಿಗೆ ಮುಂಚೆ ಕಾನೂನಿನ ಮಾತು ಆಡಬೇಕು. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿ ಹುಲಿ, ಆನೆಗಳ ಜೊತೆ ಗಟ್ಟಿ ಹವಳಗಳೂ ಇವೆ. ಸುಣ್ಣದ ಗೂಡು ಕಟ್ಟಿ ದಿಬ್ಬ ಬೆಳೆಸುವ ಹವಳಗಳೆಲ್ಲ ಇದರಲ್ಲಿ ಬಂದವು. ಕಪ್ಪು ಹವಳ, ಬೀಸಣಿಗೆಯಂತೆ ಹರಡುವ ಸೀ ಫ್ಯಾನ್, ಕಡಲ್ಗುದುರೆ ಇವೂ ಸೇರಿವೆ. ಇವನ್ನು ಸಮುದ್ರದಿಂದ ತೆಗೆಯುವುದು, ಮಾರುವುದು, ಕೊಳ್ಳುವುದು ಅಪರಾಧ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೋದವರು ಅಲ್ಲಿನ ಹವಳವನ್ನು ನೋಡಿ ಬರಬೇಕೇ ಹೊರತು ಒಂದು ಚೂರನ್ನೂ ಜೇಬಿಗೆ ಹಾಕಿಕೊಳ್ಳುವಂತಿಲ್ಲ. ‘ಇದು ಇಂಪೋರ್ಟೆಡ್, ಏನೂ ತೊಂದರೆ ಇಲ್ಲ’ ಎಂಬ ಅಂಗಡಿಯವರ ಮಾತನ್ನು ನಂಬಿ ಗಟ್ಟಿ ಹವಳ ಕೊಳ್ಳಬೇಡಿ.

ಹಾಗಾದರೆ ಏನು ಸಾಕುವುದು? ಮೆತ್ತನೆ ಮೈಯ ಸಾಫ್ಟ್ ಕೋರಲ್‌ಗಳನ್ನು. ಅಣಬೆಯ ಕೊಡೆಯಂತೆ ಹರಡುವ ಮಶ್ರೂಮ್, ಚರ್ಮದಂಥ ಮೈಯ ಲೆದರ್ ಕೋರಲ್, ಹಸಿರು ಹುಲ್ಲಿನಂತೆ ಅಲುಗುವ ಗ್ರೀನ್ ಸ್ಟಾರ್ ಪಾಲಿಪ್, ಗುಂಡಿಯಷ್ಟಗಲದ ಬಣ್ಣಬಣ್ಣದ ಜೊವಾಂಥಿಡ್. ವಿಜ್ಞಾನದ ಲೆಕ್ಕದಲ್ಲಿ ಮಶ್ರೂಮ್ ಮತ್ತು ಜೊವಾಂಥಿಡ್ ಬೇರೆ ಗುಂಪಿನವು, ಅಂಗಡಿಯಲ್ಲಿ ಮಾತ್ರ ಎಲ್ಲವೂ ಸಾಫ್ಟ್ ಕೋರಲ್‌ಗಳೇ. ಸುಣ್ಣದ ಗೂಡು ಕಟ್ಟದ ಇವಕ್ಕೆ ದಿನವೂ ಕ್ಯಾಲ್ಸಿಯಂ ಕೊಡುವ ತಾಪತ್ರಯವಿಲ್ಲ, ಬೆಳಕೂ ಕಡಿಮೆ ಸಾಕು. ತೊಟ್ಟಿಯಲ್ಲೇ ಬೆಳೆದದ್ದನ್ನು ಕತ್ತರಿಸಿ ಮಾರುವ ತುಣುಕಿಗೆ ಫ್ರ್ಯಾಗ್ ಎಂದು ಹೆಸರು. ಫ್ರ್ಯಾಗ್ ಅನ್ನೇ ಕೇಳಿ, ಬಿಲ್ ಸಮೇತ ಕೊಳ್ಳಿ. ಯಾವುದೇ ಜಾತಿಯ ಬಗ್ಗೆ ಅನುಮಾನವಿದ್ದರೆ ಕೊಳ್ಳುವ ಮುನ್ನವೇ ಅರಣ್ಯ ಇಲಾಖೆಯವರನ್ನು ವಿಚಾರಿಸಿ.

ಜೊವಾಂಥಿಡ್ ಕೊಂಡವರಿಗೆ ಒಂದು ಎಚ್ಚರಿಕೆ. ಇವುಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ಉಗ್ರ ವಿಷ ಹೊಂದಿರುತ್ತವೆ. ಕೈಗವಸು, ಕನ್ನಡಕ ಹಾಕಿಕೊಂಡೇ ಮುಟ್ಟಿ. ಅವು ಬೆಳೆದ ಕಲ್ಲನ್ನು ಕ್ಲೀನ್ ಮಾಡಲೆಂದು ಎಂದೂ ಬಿಸಿನೀರಲ್ಲಿ ಕುದಿಸಬೇಡಿ. ಆ ಆವಿ ಉಸಿರಿಗೆ ಸೇರಿದರೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾಗುತ್ತದೆ. ಪುಟ್ಟ ಮಕ್ಕಳಿರುವ ಮನೆಗೆ ಮೊದಲ ವರ್ಷ ಮಶ್ರೂಮ್, ಲೆದರ್ ಸಾಕು ಎಂಬುದು ನನ್ನ ಅಭಿಪ್ರಾಯ.

ಈಗ ತೊಟ್ಟಿ. ಚಿಕ್ಕದಾದಷ್ಟೂ ಸುಲಭ ಎಂದುಕೊಳ್ಳುವುದು ಸಹಜ, ಆದರೆ ವಿಷಯ ಉಲ್ಟಾ. ನೀರು ಕಡಿಮೆಯಾದಷ್ಟೂ ಅದರ ಉಪ್ಪು, ಶಾಖ ಬೇಗ ಬೇಗ ಏರಿಳಿಯುತ್ತವೆ. ಹವಳಕ್ಕೆ ಈ ಏರಿಳಿತವೇ ಶತ್ರು. ಬುಟ್ಟಿಯಷ್ಟಗಲದ ತೊಟ್ಟಿ ಬೇಡ. 60 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರದ್ದು ಮೊದಲ ತೊಟ್ಟಿಗೆ ಸರಿಯಾದ ಅಳತೆ. ಲೆಕ್ಕಕ್ಕೆ 96 ಲೀಟರ್, ಕಲ್ಲು ಇಟ್ಟ ಮೇಲೆ ಹಿಡಿಯುವ ನೀರು ಸುಮಾರು 80 ಲೀಟರ್. ನೀರು, ಕಲ್ಲು, ಗಾಜು ಎಲ್ಲ ಸೇರಿ ನೂರು ಕೆ.ಜಿ. ದಾಟುವುದರಿಂದ ಟಿವಿ ಸ್ಟ್ಯಾಂಡಿನ ಮೇಲೆ ಇಡುವಂತಿಲ್ಲ, ಗಟ್ಟಿ ಸ್ಟ್ಯಾಂಡ್ ಬೇಕು. ವಾಸ್ತು ಯಾವ ಮೂಲೆಯನ್ನೇ ಹೇಳಲಿ, ಪಶ್ಚಿಮದ ಕಿಟಕಿಯ ಸಂಜೆ ಬಿಸಿಲು ಬೀಳುವ ಜಾಗ ಮಾತ್ರ ಬೇಡ.

ಇಡೀ ಕೆಲಸದ ಜೀವಾಳ ನೀರು. ಬೋರ್‌ವೆಲ್ ನೀರಾಗಲಿ ನಲ್ಲಿ ನೀರಾಗಲಿ ನೇರವಾಗಿ ಒಗ್ಗುವುದಿಲ್ಲ. ಅದರಲ್ಲಿರುವ ನೈಟ್ರೇಟ್, ಫಾಸ್ಫೇಟ್ ಪಾಚಿಗೆ ಗೊಬ್ಬರ. ಮನೆಯ ಆರ್‌ಒ ನೀರು ನಡೆಯುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಕುಡಿಯಲು ರುಚಿ ಬರಲೆಂದು ಆ ಯಂತ್ರಗಳು ಖನಿಜ ಸೇರಿಸುತ್ತವೆ, ಇಲ್ಲವೇ ಸ್ವಲ್ಪ ಹಸಿನೀರು ಬೆರೆಸುತ್ತವೆ. ಆರ್‌ಒ ಆದ ಮೇಲೆ ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ಎಂಬ ಫಿಲ್ಟರ್ ಸೇರಿಸಿಕೊಳ್ಳಬೇಕು. ನೀರಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಬಂದರೆ ನೀರು ಸಿದ್ಧ.

ಅಡುಗೆ ಉಪ್ಪು ಹಾಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ಅದು ಬರೀ ಸೋಡಿಯಂ ಕ್ಲೋರೈಡ್. ಕಡಲ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಒಂದು ಹದದಲ್ಲಿರುತ್ತವೆ. ಆ ಹದದಲ್ಲಿ ಬೆರೆಸಿದ ರೀಫ್ ಸಾಲ್ಟ್ ಡಬ್ಬಗಳಲ್ಲಿ ಸಿಗುತ್ತದೆ. ಮಲ್ಪೆಯಿಂದಲೋ ಪಣಂಬೂರಿನಿಂದಲೋ ಕ್ಯಾನಿನಲ್ಲಿ ಕಡಲ ನೀರು ತಂದರೆ? ದಡದ ನೀರಿಗೆ ಹೊಳೆಯ ನೀರು, ಚರಂಡಿ, ದೋಣಿಯ ಎಣ್ಣೆ ಸೇರಿರುತ್ತವೆ. ಮಳೆಗಾಲದಲ್ಲಂತೂ ಉಪ್ಪೇ ಇಳಿದುಹೋಗಿರುತ್ತದೆ. ಬೇಡ.

ಬೆರೆಸುವ ಕ್ರಮ ಹೀಗೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು ತುಂಬಿ, ಚಿಕ್ಕ ಪಂಪ್ ಓಡಲು ಬಿಡಿ. ಲೀಟರಿಗೆ ಸುಮಾರು 36 ಗ್ರಾಂ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಸುರಿಯಿರಿ. ಕೆಲವು ಗಂಟೆಗಳಲ್ಲಿ ನೀರು ತಿಳಿಯಾಗುತ್ತದೆ. ಉಪ್ಪನ್ನು ಅಳೆಯುವ ರಿಫ್ರ್ಯಾಕ್ಟೋಮೀಟರ್ ಪುಟ್ಟ ದುರ್ಬೀನಿನಂತಿರುತ್ತದೆ. ಅದರ ಗಾಜಿನ ಮೇಲೆ ಒಂದೆರಡು ಹನಿ ಬಿಟ್ಟು, ಮುಚ್ಚಳ ಮುಚ್ಚಿ, ಬೆಳಕಿನ ಕಡೆ ಹಿಡಿದು ನೋಡಿದರೆ ನೀಲಿ ಮತ್ತು ಬಿಳಿ ಕೂಡುವ ಗೆರೆ ಕಾಣುತ್ತದೆ. ಆ ಗೆರೆ 35ರ ಮೇಲಿರಬೇಕು. ಅಂದರೆ ಸಾವಿರ ಭಾಗ ನೀರಿಗೆ 35 ಭಾಗ ಉಪ್ಪು. ಇನ್ನೊಂದು ಮಾತು: ಅಟ್ಟದ ಮೇಲಿನ ತಾಮ್ರದ ಹಂಡೆ, ಹಿತ್ತಾಳೆ ಕೊಳಗ ಇಳಿಸಿ ಇದಕ್ಕೆ ಬಳಸಬೇಡಿ. ತಾಮ್ರದ ಲವಲೇಶವೂ ಹವಳಕ್ಕೆ, ಶಂಖದ ಹುಳುಗಳಿಗೆ ವಿಷ. ತಾಮ್ರವಿರುವ ಮೀನಿನ ಔಷಧಿಯೂ ತೊಟ್ಟಿಗೆ ಬೀಳಬಾರದು.

ತೊಟ್ಟಿಗೆ ಎಂಟು ಹತ್ತು ಕೆ.ಜಿ. ರಂಧ್ರ ತುಂಬಿದ ಡ್ರೈ ರಾಕ್ ಬೇಕು. ಇದು ಅಲಂಕಾರಕ್ಕಲ್ಲ, ಈ ಕಲ್ಲೇ ಫಿಲ್ಟರ್. ಮೀನಿನ ಹೇಲು, ಉಳಿದ ಆಹಾರ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಇದು ಅಷ್ಟು ಅಪಾಯವಲ್ಲ. ಈ ಬ್ಯಾಕ್ಟೀರಿಯಾ ಕಲ್ಲಿನ ರಂಧ್ರಗಳಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹವ್ಯಾಸಿಗಳ ಭಾಷೆಯಲ್ಲಿ ಇದು ‘ಸೈಕಲ್’. ಬಾಟಲಿ ಬ್ಯಾಕ್ಟೀರಿಯಾ ಹಾಕಿ, ಅಮೋನಿಯಾ 2 ಪಿಪಿಎಂ ಬರುವಷ್ಟು ಬೆರೆಸಿ, ಕಿಟ್‌ನಿಂದ ಅಳೆಯುತ್ತ ಹೋಗಿ. ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಹಾಕಿದ ಅಮೋನಿಯಾವೂ ನೈಟ್ರೈಟೂ 24 ಗಂಟೆಯೊಳಗೆ ಸೊನ್ನೆಗೆ ಬಂದ ದಿನ ಸೈಕಲ್ ಮುಗಿಯಿತು ಎನ್ನಬಹುದು. ಅಲ್ಲಿಯವರೆಗೆ ತೊಟ್ಟಿಯಲ್ಲಿ ಒಂದು ಜೀವವೂ ಇರಬಾರದು. ಬಂದ ನೆಂಟರು ‘ಇದೇನು ಬರೀ ಕಲ್ಲು?’ ಎನ್ನುತ್ತಾರೆ, ಎನ್ನಲಿ ಬಿಡಿ. ಆಮೇಲೆ ಗಾಜಿನ ಮೇಲೆ ಕಂದು ಬಣ್ಣದ ಧೂಳಿನಂಥ ಪದರ ಬರುತ್ತದೆ. ಅದು ಡಯಾಟಮ್ ಎಂಬ ಪಾಚಿ, ಹೊಸ ತೊಟ್ಟಿಗೆ ಬಂದೇ ಬರುತ್ತದೆ. ಔಷಧಿ ಸುರಿಯಬೇಡಿ, ತಾನಾಗಿ ಹೋಗುತ್ತದೆ.

ಬೆಳಕಿಗೆ ನೀಲಿ ಹೆಚ್ಚಿರುವ ರೀಫ್ ಎಲ್ಇಡಿ ಬೇಕು, ದಿನಕ್ಕೆ ಎಂಟು ಗಂಟೆ, ಟೈಮರ್ ಮೇಲೆ. ಹೊಸ ಹವಳವನ್ನು ಮೊದಲು ತಳದಲ್ಲಿಟ್ಟು, ವಾರ ಕಳೆದ ಮೇಲೆ ಮೇಲಕ್ಕೆ ಏರಿಸಿ. ನೀರು ಕದಲುತ್ತಿರಲು ವೇವ್‌ಮೇಕರ್ ಬೇಕು, ಅಂದರೆ ಗಾಜಿಗೆ ಅಂಟಿಸುವ ಅಲೆ ಪಂಪ್. ಗಂಟೆಗೆ 1,500 ಲೀಟರಿನಷ್ಟು ನೀರು ತಳ್ಳುವಂಥದು ಈ ಅಳತೆಗೆ ಸಾಕು.

ನಮ್ಮ ಕಡೆ ನಿಜವಾದ ತಲೆನೋವು ಶಾಖ. ನೀರು 24ರಿಂದ 27 ಡಿಗ್ರಿಯೊಳಗೆ ಇರಬೇಕು. ಮಾರ್ಚ್‌ನಿಂದ ಮೇ ತನಕ ಬೆಂಗಳೂರಿನಲ್ಲೂ ತೊಟ್ಟಿಯ ನೀರು 30 ಮುಟ್ಟುವುದುಂಟು. ನೀರಿನ ಮೇಲೆ ಚಿಕ್ಕ ಫ್ಯಾನ್ ಬೀಸಿದರೆ ಆವಿಯಾಗುತ್ತ ಎರಡು ಮೂರು ಡಿಗ್ರಿ ಇಳಿಯುತ್ತದೆ. ಒಣಗಾಳಿಯ ಬೆಂಗಳೂರು, ಮೈಸೂರಿನಲ್ಲಿ ಈ ಉಪಾಯ ನಡೆಯುತ್ತದೆ. ಮಂಗಳೂರು, ಕಾರವಾರದ ತೇವದ ಗಾಳಿಯಲ್ಲಿ ಅಷ್ಟಾಗಿ ನಡೆಯದು. ಕಲಬುರಗಿ, ರಾಯಚೂರಿನ ಬಿಸಿಲಿಗೂ ಬರೀ ಫ್ಯಾನ್ ಸಾಲದು. ಅಲ್ಲೆಲ್ಲ ಚಿಲ್ಲರ್, ಅಂದರೆ ನೀರು ತಂಪು ಮಾಡುವ ಯಂತ್ರ, ಬೇಕೇ ಬೇಕು. ಮಡಿಕೇರಿಯ ಚಳಿಗೆ ತದ್ವಿರುದ್ಧವಾಗಿ 100 ವ್ಯಾಟಿನ ಹೀಟರ್ ಬೇಕು.

ಆವಿಯ ವಿಷಯದಲ್ಲಿ ಹೊಸಬರು ಎಡವುತ್ತಾರೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. 80 ಲೀಟರಿನಲ್ಲಿ 5 ಲೀಟರ್ ಆರಿಹೋದರೆ 35 ಇದ್ದ ಉಪ್ಪು 37 ದಾಟುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ಉಪ್ಪುನೀರಿನಿಂದಲ್ಲ, ಶುದ್ಧ ಆರ್‌ಒ-ಡಿಐ ನೀರಿನಿಂದ ತುಂಬಬೇಕು. ಗಾಜಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ದಿನವೂ ಗೆರೆಯ ಮಟ್ಟಕ್ಕೆ ತುಂಬಿ. ದಸರೆಗೆ ಊರಿಗೆ ಹೋಗುವವರು ಎಟಿಒ ಎಂಬ ಉಪಕರಣ ಹಾಕಿಸಿಕೊಳ್ಳಿ, ಮಟ್ಟ ಇಳಿದಾಗ ಅದೇ ನೀರು ತುಂಬುತ್ತದೆ.

ವಾರಕ್ಕೊಮ್ಮೆ 10 ಲೀಟರ್ ಹಳೆ ನೀರು ತೆಗೆದು, ಮೊದಲೇ ಬೆರೆಸಿಟ್ಟ ಹೊಸ ಉಪ್ಪುನೀರು ಹಾಕಿ. ಅದೇ ದಿನ ಆಲ್ಕಲಿನಿಟಿ ಅಳೆಯಿರಿ. ನೀರಿನ ಕ್ಷಾರದ ಬಲವನ್ನು ಇದು ತೋರಿಸುತ್ತದೆ. ಹನಿ ಕಿಟ್‌ನಲ್ಲಿ ಗಾಜಿನ ನಳಿಕೆಗೆ ತೊಟ್ಟಿಯ ನೀರು ತುಂಬಿ, ಹನಿ ಹನಿಯಾಗಿ ದ್ರಾವಣ ಬಿಟ್ಟು ಅಲುಗಾಡಿಸಬೇಕು. ನೀಲಿ ಬಣ್ಣ ಹಳದಿಗೆ ತಿರುಗುವತನಕ ಹನಿ ಎಣಿಸಬೇಕು. ಆಲ್ಕಲಿನಿಟಿಯ ಅಳತೆಮಾನ ಡಿಕೆಎಚ್, ಕೆಲವು ಕಿಟ್‌ಗಳಲ್ಲಿ ಒಂದು ಹನಿಗೆ ಒಂದು ಡಿಕೆಎಚ್. ಎಂಟೋ ಒಂಬತ್ತೋ ಬಂದರೆ ಸರಿ. ಒಂದು ವಾರ ಏಳೂವರೆ ಬಂದರೆ ಗಾಬರಿಯಾಗಿ ರಾಸಾಯನಿಕ ಸುರಿಯುವುದಕ್ಕಿಂತ ನೀರು ಬದಲಿಸಿ ಸುಮ್ಮನಿರುವುದು ಒಳ್ಳೆಯದು. ತೊಟ್ಟಿಯ ಕೋಣೆಯಲ್ಲಿ ಸೊಳ್ಳೆ, ಜಿರಳೆ ಸ್ಪ್ರೇ ಹೊಡೆಯಬೇಡಿ. ಸೋಪು ಹಚ್ಚಿದ ಕೈ ನೀರಿಗಿಳಿಸಬೇಡಿ.

ಮೀನು? ತೊಟ್ಟಿಯಲ್ಲೇ ಮರಿ ಮಾಡಿಸಿದ ಒಂದು ಜೊತೆ ಕ್ಲೌನ್‌ಫಿಶ್ ಸಾಕು, ಅದಕ್ಕಿಂತ ಹೆಚ್ಚು ಬೇಡ. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇದರ ಮರಿ ಮಾಡಿಸುವ ವಿಧಾನವನ್ನು ರೂಢಿಗೆ ತಂದಿದೆ, ಹಾಗಾಗಿ ಸಮುದ್ರದಿಂದ ಹಿಡಿದ ಮೀನು ಕೊಳ್ಳುವ ಅಗತ್ಯವೇ ಇಲ್ಲ.

ಕರೆಂಟ್ ಹೋದರೆ ಬೆಳಕು ಆರಿದ್ದು ತೊಂದರೆಯಲ್ಲ, ನೀರು ನಿಂತಿದ್ದು ತೊಂದರೆ. ಆಮ್ಲಜನಕ ಕುಸಿಯುತ್ತದೆ. ಮನೆಯ ಇನ್ವರ್ಟರ್‌ಗೆ ವೇವ್‌ಮೇಕರ್ ಒಂದನ್ನು ಮಾತ್ರ ಕೊಡಿ, ಅದು ಎಳೆಯುವುದು ಹತ್ತು ವ್ಯಾಟ್ ಆಸುಪಾಸು. ಇನ್ವರ್ಟರ್ ಇಲ್ಲದವರು ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ.

ಖರ್ಚಿನ ಮಾತು. ತೊಟ್ಟಿ, ಸ್ಟ್ಯಾಂಡ್, ಲೈಟ್, ಪಂಪ್, ಆರ್‌ಒ-ಡಿಐ, ಕಲ್ಲು, ಉಪ್ಪು, ಕಿಟ್‌ಗಳೆಲ್ಲ ಸೇರಿ ಅಂದಾಜು 40ರಿಂದ 60 ಸಾವಿರ ರೂಪಾಯಿ ಇಟ್ಟುಕೊಳ್ಳಿ. ಚಿಲ್ಲರ್ ಬೇಕಾದರೆ ಅದೊಂದಕ್ಕೇ ಇನ್ನೂ 25–40 ಸಾವಿರ. ಬ್ರ್ಯಾಂಡ್ ಮೇಲೆ ಬೆಲೆ ಏರುಪೇರಾಗುತ್ತದೆ. ಮೊದಲು ತುಂಬಲು 3 ಕೆ.ಜಿ., ಆಮೇಲೆ ತಿಂಗಳಿಗೆ ಒಂದೂವರೆ ಕೆ.ಜಿ. ಉಪ್ಪು ಬೇಕಾಗುವುದರಿಂದ 20 ಕೆ.ಜಿ. ಡಬ್ಬ ಸುಮಾರು ಒಂದು ವರ್ಷ ಬರುತ್ತದೆ. ಚಿಲ್ಲರ್ ಇಲ್ಲದ ತೊಟ್ಟಿ ತಿಂಗಳಿಗೆ 25–30 ಯೂನಿಟ್ ವಿದ್ಯುತ್ ತಿನ್ನುತ್ತದೆ, ಚಿಲ್ಲರ್ ಓಡಿದರೆ ಅದರ ದುಪ್ಪಟ್ಟೋ ಇನ್ನೂ ಹೆಚ್ಚೋ. ಗೃಹಜ್ಯೋತಿ ಮಿತಿಯ ಅಂಚಿನಲ್ಲಿರುವವರು ಈ ಲೆಕ್ಕ ಮೊದಲೇ ಹಾಕಿಕೊಳ್ಳಿ. ಉಳಿತಾಯ ಮಾಡಲೇಬೇಕೆಂದರೆ ಸ್ಟ್ಯಾಂಡು, ತೊಟ್ಟಿಯ ಅಂದಚಂದದಲ್ಲಿ ಮಾಡಿ, ರಿಫ್ರ್ಯಾಕ್ಟೋಮೀಟರಿನಲ್ಲಿ, ಉಪ್ಪಿನಲ್ಲಿ ಬೇಡ.

ಬೆಂಗಳೂರಿನಲ್ಲಿ ಅಕ್ವೇರಿಯಂ ಅಂಗಡಿ ಬೇಕಾದಷ್ಟಿವೆ, ಆದರೆ ಹೆಚ್ಚಿನವು ಸಿಹಿನೀರಿನವು. ಉಪ್ಪುನೀರಿನ ತೊಟ್ಟಿಯನ್ನು ಅಂಗಡಿಯಲ್ಲೇ ಓಡಿಸುತ್ತಿರುವವರನ್ನು ಹುಡುಕಿ. ಚೆನ್ನೈಗೆ ಹೋಗುವವರು ಬಣ್ಣದ ಮೀನಿನ ಪೇಟೆಯಾದ ಕೊಳತ್ತೂರಿನಲ್ಲಿ ಉಪಕರಣಗಳ ಬೆಲೆ ವಿಚಾರಿಸಿ ಬನ್ನಿ. ಅಂಗಡಿಗೆ ಹೋದಾಗ ಗಾಜು ತಟ್ಟಿ ಮೀನು ನೋಡುವ ಬದಲು, ಅವರ ನೀರಿನ ಉಪ್ಪು ಎಷ್ಟು, ಆಲ್ಕಲಿನಿಟಿ ಎಷ್ಟು ಎಂದು ಕೇಳಿ. ಅಂಕಿ ಹೇಳಲಾಗದವರಲ್ಲಿ ಹವಳ ಕೊಳ್ಳಬೇಡಿ.

ದಿನಕ್ಕೆ ಹತ್ತು ನಿಮಿಷ, ಭಾನುವಾರ ಒಂದು ಗಂಟೆ ಕೊಡಬಲ್ಲಿರಾದರೆ ಧಾರಾಳವಾಗಿ ಶುರು ಮಾಡಿ. ತಿಂಗಳಲ್ಲಿ ಅರ್ಧದಷ್ಟು ದಿನ ಊರಲ್ಲೇ ಇರದವರಿಗೆ ಸಿಹಿನೀರಿನ ಗಿಡದ ತೊಟ್ಟಿಯೇ ಲೇಸು.